ಸಿಂದಗಿ ಸೀಮೆಯ ಮನೆಗಳೂ ಸರಕಾರದ ಸಾಲವೂ

ಸಿಂದಗಿ ತಾಲೂಕಿನ ಯಾವದೊಂದು ಹಳ್ಳಿಯಲ್ಲಿಯಾದರೂ ಸರಕಾರದ ಆಸರೆಯುಳ್ಳ ಸಾಲಕ್ಕೆ ಯೋಗ್ಯವಾದ ಮನೆ ಯಾವದೆಂದು ಗೊತ್ತುಮಾಡಹೊರಟವನು ಮೊದಲು ಮನೆಯನ್ನು ನೋಡುವದಿಲ್ಲ. ಗೋಡೆ ಸೀಳಿದೆಯೋ, ಮಾಳಿಗೆ ಸೋರುತ್ತದೆಯೋ, ಒಳಗೆ ಎಷ್ಟು ಜೀವಗಳಿವೆಯೋ ಎಂಬದೆಲ್ಲ ಆಮೇಲಿನ ಮಾತು. ಅವನು ಮೊದಲು ಕೇಳುವದು ಆ ಮನೆಯ ಕೆಳಗಿನ ನೆಲದ ಉತಾರವನ್ನು. ನೆಲವು ಗಾವಠಾಣದ ಗೆರೆಯ ಒಳಗಿದ್ದರೆ ಒಂದು ಮಾತು, ಹೊರಗಿದ್ದರೆ ಬೇರೊಂದು ಮಾತು. ಒಂದೇ ಓಣಿಯ ಎರಡು ಮನೆಗಳು, ಒಂದೇ ಕಲ್ಲಿನವು, ಒಂದೇ ಮಣ್ಣಿನವು, ಒಂದೇ ಮಳೆಗೆ ಸೋರುವಂಥವು. ಒಂದಕ್ಕೆ ಸಾಲ ದೊರೆಯುವದು, ಇನ್ನೊಂದಕ್ಕೆ ದೊರೆಯದು. ಈ ಭೇದವು ಹೇಗೆ ಹುಟ್ಟಿತು, ಯಾವ ಯಾವ ಕಾಲದಲ್ಲಿ ಯಾವ ಯಾವ ರೂಪವನ್ನು ತಾಳಿತು ಎಂಬದನ್ನು ವಿಚಾರಿಸಿದರೆ ನೂರೈವತ್ತು ವರ್ಷಗಳ ಒಂದು ಇತಿಹಾಸವೇ ತೆರೆದುಕೊಳ್ಳುವದು.

ಮೊದಲು ಈ ಸೀಮೆಯ ಮನೆ ಎಂಥದೆಂಬದನ್ನು ಹೇಳಬೇಕು. ಉತ್ತರಕ್ಕೆ ಭೀಮೆ, ದಕ್ಷಿಣಕ್ಕೆ ಡೋಣಿ. ನಡುವೆ ಕಣ್ಣು ಹರಿಯುವಷ್ಟು ದೂರ ಕರಿಯ ಎರೆಭೂಮಿ. ಡೋಣಿಯು ಬೆಳೆದರೆ ಓಣಿಯೆಲ್ಲ ಜೋಳವೆಂಬ ಅರ್ಥದ ನಾಣ್ಣುಡಿಯು ಈ ಭಾಗದ ಮಕ್ಕಳಿಗೂ ಗೊತ್ತು. ಜೋಳವನ್ನು ಕೊಡುವ ಈ ಎರೆಯು ಮನೆಗೆ ಮಾತ್ರ ಒಳ್ಳೆಯ ನೆಲೆಯಲ್ಲ. ಮಳೆಗಾಲದಲ್ಲಿ ಅದು ಉಬ್ಬುವದು, ಬೇಸಗೆಯಲ್ಲಿ ಗೇಣುಗೇಣು ಬಿರಿಯುವದು. ಬುನಾದಿಯು ಗಟ್ಟಿಯಾಗಿಲ್ಲದ ಗೋಡೆಯು ಎರಡು ಮೂರು ವರ್ಷಗಳಲ್ಲಿ ಮೇಲಿನಿಂದ ಕೆಳಗಿನ ವರೆಗೆ ಸೀಳುವದು. ಆದಕಾರಣ ಹಿಂದಿನವರು ಕರಿಕಲ್ಲನ್ನು ಮಣ್ಣಿನಲ್ಲಿ ಕೂರಿಸಿ ಎರಡು ಮೊಳ ದಪ್ಪದ ಗೋಡೆಗಳನ್ನು ಕಟ್ಟಿದರು. ತೊಲೆಗಳ ಮೇಲೆ ಜಂತಿ, ಜಂತಿಯ ಮೇಲೆ ಸಣ್ಣ ಕಟ್ಟಿಗೆ, ಅದರ ಮೇಲೆ ಬೇವಿನ ತಪ್ಪಲು, ಎಲ್ಲದರ ಮೇಲೆ ಸವುಳು ಮಣ್ಣಿನ ಮೇಲ್ಮುದ್ದೆ; ಮಧ್ಯದಲ್ಲೊಂದು ಬೆಳಕಿಂಡಿ. ಇದೇ ಮಾಳಿಗೆಯ ಮನೆ. ಮುಂದೆ ದನ ಕಟ್ಟುವ ಸ್ಥಳ, ಅದಕ್ಕಿಂತ ಎತ್ತರದಲ್ಲಿ ಪಡಸಾಲೆ, ಒಳಗೆ ಅಡಿಗೆಮನೆ. ಕಾಳು ತುಂಬುವ ಹಗೇವು ನೆಲದ ಹೊಟ್ಟೆಯಲ್ಲಿ. ಬೇಸಗೆಯ ಬಿಸಿಲಿಗೆ ಇಂಥ ಮನೆಯಂಥ ಮನೆಯಿಲ್ಲ. ಆದರೆ ಪ್ರತಿವರ್ಷ ಮಳೆಯ ಮುಂಚೆ ಮಾಳಿಗೆಗೆ ಹೊಸ ಮಣ್ಣು ಹಾಕಿ ತುಳಿಯಬೇಕು. ಒಂದು ವರ್ಷ ಬಿಟ್ಟರೆ ಸೋರುವದು. ಮೂರು ನಾಲ್ಕು ದಿನ ಬಿಡದೆ ಮಳೆ ಹಿಡಿದರೆ ನೀರುಂಡ ಮಣ್ಣಿನ ಭಾರಕ್ಕೆ ಜಂತಿ ಮುರಿದು ಮಲಗಿದವರ ಮೇಲೆಯೇ ಬೀಳುವದು. ಹೀಗೆ ಈ ಮನೆಗೆ ಬೇಕಾದದ್ದು ಒಮ್ಮೆ ಕಟ್ಟುವ ಹಣಕ್ಕಿಂತಲೂ ವರ್ಷವರ್ಷದ ಆರೈಕೆಯು. ಸಾಲ ಕೊಡುವವರು ಈ ಮಾತನ್ನು ಯಾವ ಕಾಲದಲ್ಲಿಯೂ ಲೆಕ್ಕಕ್ಕೆ ತಂದುಕೊಂಡಂತೆ ಕಾಣುವದಿಲ್ಲ.

ಊರಿಗೆ ಅಗಸಿಯಿತ್ತು, ಅನೇಕ ಊರುಗಳಿಗೆ ಹುಡೆಗಳಿದ್ದವು. ಅಗಸಿಯ ಒಳಗಿನದು ಊರು, ಹೊರಗಿನದು ಹೊಲ. ಅಗಸಿಯ ಹೊರಗೆ ಊರಿಗಂಟಿಕೊಂಡು ದಲಿತರ ಕೇರಿಗಳಿದ್ದವೆಂಬದನ್ನೂ ಮರೆಯಲಾಗದು. ಮನೆಯ ಸೀಮೆಯನ್ನು ಬಲ್ಲವರು ನೆರೆಯವರು. ಸಂಸ್ಕೃತದಲ್ಲಿ ‘ವಾಸ್ತು’ ಎಂಬ ಒಂದೇ ಶಬ್ದವು ಮನೆಯನ್ನೂ ಮನೆಯ ನೆಲವನ್ನೂ ಹೇಳುವದು. ಕೌಟಿಲ್ಯನ ಅರ್ಥಶಾಸ್ತ್ರದ ಧರ್ಮಸ್ಥೀಯ ಪ್ರಕರಣದಲ್ಲಿ ಮನೆ, ಹೊಲ, ತೋಟ, ಸೇತುವೆ, ಕೆರೆ ಇವೆಲ್ಲವೂ ವಾಸ್ತುವೆಂದೇ ಎಣಿಸಲ್ಪಟ್ಟಿವೆ. ವಾಸ್ತುವಿನ ವ್ಯಾಜ್ಯಗಳು ಸಾಮಂತರ, ಎಂದರೆ ನೆರೆಹೊರೆಯವರ, ಸಾಕ್ಷ್ಯದಿಂದ ತೀರತಕ್ಕವುಗಳೆಂದು ಅಲ್ಲಿ ವಿಧಿಸಲಾಗಿದೆ. ಮನೆಯನ್ನು ಮಾರುವವನು ನೆರೆಯ ನಾಲ್ವತ್ತು ಕುಲಗಳವರ ಎದುರಿನಲ್ಲಿ ಮನೆಯ ಮುಂದೆಯೇ ಸಾರಬೇಕೆಂದೂ ಇದೆ. (ಈ ಗ್ರಂಥವನ್ನು 1909ರಲ್ಲಿ ಮೈಸೂರಿನಿಂದ ಪ್ರಕಟಿಸಿ ಲೋಕಕ್ಕೆ ಕೊಟ್ಟವರು ಆರ್. ಶಾಮಶಾಸ್ತ್ರಿಗಳೆಂಬದು ಕನ್ನಡಿಗರಿಗೆ ಅಭಿಮಾನದ ವಿಷಯ.) ಕನ್ನಡನಾಡಿನ ಶಾಸನಗಳಲ್ಲಿಯೂ ದೇವರಿಗೆ, ಮಠಕ್ಕೆ, ಬ್ರಾಹ್ಮಣರಿಗೆ ಮನೆಯ ನಿವೇಶನಗಳನ್ನು ಕೈಯಳತೆಯಲ್ಲಿ ಅಳೆದು ಕೊಟ್ಟದ್ದನ್ನು ಕಾಣುತ್ತೇವೆ, ಆ ನಿವೇಶನದ ಮೂಡಲಿಗೆ ಇಂಥವರದು, ತೆಂಕಲಿಗೆ ಇಂಥವರದು ಎಂದು ನೆರೆಯನ್ನು ಹೇಳಿಯೇ ಸೀಮೆಯನ್ನು ಹೇಳುವ ರೂಢಿ. ಕಾಗದಕ್ಕಿಂತ ನೆರೆಯು ದೊಡ್ಡದಾಗಿದ್ದ ಕಾಲವದು. ಆ ಕಾಲವೇ ಒಳ್ಳೆಯದಾಗಿತ್ತೆಂದು ಹೇಳುವದಕ್ಕಾಗದು. ನೆರೆಯವರು ಬಲಿಷ್ಠರಾಗಿದ್ದಲ್ಲಿ ಬಡವನ ಗೋಡೆಯು ವರ್ಷಕ್ಕೊಂದು ಗೇಣು ಹಿಂದೆ ಸರಿಯುತ್ತಿದ್ದಿರಲಿಕ್ಕೂ ಸಾಕು.

ಇಂಗ್ರಜಿ ಆಳಿಕೆಯ ಮುಂಬಯಿ ಇಲಾಖೆಯಲ್ಲಿ ಈ ರೀತಿಯು ಬದಲಾಯಿತು. ಗೋಲ್ಡಸ್ಮಿಡ್ ಮತ್ತು ವಿಂಗೇಟ್ ಎಂಬ ಇಬ್ಬರು ಅಧಿಕಾರಿಗಳು 1835ರ ಸುಮಾರಿಗೆ ಇಂದಾಪುರದಲ್ಲಿ ಆರಂಭಿಸಿದ ಹೊಲಗಳ ಮೋಜಣಿಯು ಕ್ರಮೇಣ ದಕ್ಷಿಣಕ್ಕೆ ಹಬ್ಬಿತು. ಹೊಲಹೊಲಕ್ಕೆ ಸರ್ವೇ ನಂಬರು ಬಿತ್ತು, ಆಕಾರ ಗೊತ್ತಾಯಿತು. ಊರಿನ ಮನೆಗಳಿರುವ ಸ್ಥಳವನ್ನು ಮಾತ್ರ ಹೊಲದ ಆಕಾರಕ್ಕೆ ಒಳಪಡಿಸದೆ ಗಾವಠಾಣವೆಂದು ಬಿಟ್ಟರು. ಸರ್ವೇಯ ಉದ್ದೇಶವು ಹೊಲದಿಂದ ಹಣವನ್ನೆತ್ತುವದು. ಮನೆಗಳಿಂದ ಬರತಕ್ಕದ್ದು ಏನೂ ಇರಲಿಲ್ಲವಾದದ್ದರಿಂದ ಒಳಗಿನ ಮನೆಗಳನ್ನು ಒಂದೊಂದಾಗಿ ಅಳೆಯುವ ಶ್ರಮವನ್ನು ಹಳ್ಳಿಗಳಲ್ಲಿ ಯಾರೂ ತಕ್ಕೊಳ್ಳಲಿಲ್ಲ. ಎಳೆದದ್ದು ಹೊರಗೆರೆಯೊಂದನ್ನೇ. ಒಳಗೆ ಯಾರ ಮನೆ ಎಲ್ಲಿಂದ ಎಲ್ಲಿಯ ವರೆಗೆ ಎಂಬದು ಮತ್ತೆ ನೆರೆಯವರ ನೆನಪಿನಲ್ಲಿಯೇ ಉಳಿಯಿತು. ಪರಿಣಾಮವೇನೆಂದರೆ, ಹೊಲಕ್ಕೆ ಪಹಣಿಯುಂಟು, ಮನೆಗೆ ಪಹಣಿಯಿಲ್ಲ. ಹೊಲವನ್ನು ಒತ್ತೆಯಿಟ್ಟು ಸಾಲವನ್ನು ತರಬಹುದು, ಮನೆಯನ್ನು ಒತ್ತೆಯಿಟ್ಟರೆ ಊರ ಸಾಹುಕಾರನ ಹೊರತು ಕೇಳುವವರಿಲ್ಲ.

1879ರ ಮುಂಬಯಿ ಭೂಕಂದಾಯ ಕಾಯದೆಯು ಈ ಗೆರೆಗೆ ಶಾಸನದ ಬಲವನ್ನು ಕೊಟ್ಟಿತು. ಯಾವ ನೆಲವು ಊರಿನ ಸ್ಥಳದಲ್ಲಿ ಸೇರುವದೆಂಬದನ್ನು ನಿಶ್ಚಯಿಸುವ ಅಧಿಕಾರವು ಕಲೆಕ್ಟರನದಾಯಿತು. ಅದೇ ಕಾಯದೆಯ 65ನೆಯ ಕಲಮಿನಂತೆ ಒಕ್ಕಲಿಗನು ತನ್ನ ಹೊಲದಲ್ಲಿ ಬಾವಿಯನ್ನು ತೋಡಬಹುದು, ಬೇಸಾಯಕ್ಕೆ ಬೇಕಾದ ಕಟ್ಟಡವನ್ನು ಕಟ್ಟಬಹುದು. ಬೇರೆ ಉಪಯೋಗಕ್ಕೆ ಪರವಾನಗಿ ಬೇಕು. ಈ ಕಾಯದೆ ಹುಟ್ಟಿದ ಹೊತ್ತನ್ನು ವಾಚಕರು ಗಮನಿಸತಕ್ಕದ್ದು. ಧಾತು, ಈಶ್ವರ ಸಂವತ್ಸರಗಳ ಮಹಾಕ್ಷಾಮವು (1876-78) ಆಗತಾನೆ ಮುಗಿದಿತ್ತು. ಆಗಿನ ಕಲಾದಗಿ ಜಿಲ್ಹೆಯಲ್ಲಿ (ಜಿಲ್ಹೆಯ ಮುಖ್ಯಸ್ಥಾನವು ವಿಜಾಪುರಕ್ಕೆ ಬಂದದ್ದು 1885ರಲ್ಲಿ) 1872ರ ಜನಗಣತಿಯಲ್ಲಿ 8 ಲಕ್ಷವನ್ನು ಮೀರಿದ್ದ ಜನಸಂಖ್ಯೆಯು 1881ರಲ್ಲಿ ಆರೂವರೆ ಲಕ್ಷಕ್ಕಿಂತಲೂ ಕೆಳಗಿಳಿಯಿತು. ಸತ್ತವರು ಸತ್ತರು, ಗುಳೆ ಹೋದವರು ಹೋದರು, ಓಣಿಓಣಿಗಳೇ ಹಾಳುಬಿದ್ದವು. ಗಾವಠಾಣದ ಗೆರೆಯು ಕಾಯದೆಯ ಬಲವನ್ನು ಪಡೆದಾಗ ಆ ಗೆರೆಯೊಳಗೆ ಹಾಳುಗೋಡೆಗಳಿಗೆ ಬರವಿರಲಿಲ್ಲ. ಸ್ಥಳವು ಸಾಲದೆಂದು ದೂರುವವರು ಯಾರೂ ಇದ್ದಿರಲಾರರು. ಮುಂದೆ ಜನವು ಎಷ್ಟೋ ಪಟ್ಟು ಬೆಳೆಯಿತು. ಗೆರೆಯನ್ನು ಅಲ್ಲಲ್ಲಿ ತುಸು ಸರಿಸಿದ್ದುಂಟು. ಜನ ಬೆಳೆದಂತೆ ಅದು ಬೆಳೆಯಲಿಲ್ಲವೆಂಬದು ಮಾತ್ರ ಯಾವ ಊರಿನ ನಕಾಶೆಯನ್ನು ತೆರೆದರೂ ಕಾಣುವ ಮಾತು.

ಸರಕಾರದ ಸಾಲದ ಕಥೆಯು ಇದೇ ಕ್ಷಾಮದಿಂದಲೇ ಆರಂಭವಾಗುವದು. ‘ತಗಾವಿ’ ಎಂಬ ಶಬ್ದವು ಬಲವನ್ನು ಕೊಡುವದೆಂಬ ಅರ್ಥದ ಅರಬೀ ಧಾತುವಿನಿಂದ ಬಂದದ್ದು. ಮುಸಲ್ಮಾನ ಅರಸರ ಕಾಲದಿಂದಲೂ ಬಳಕೆಯಲ್ಲಿದ್ದದ್ದು. 1883ರ ಭೂಸುಧಾರಣೆಯ ಸಾಲದ ಕಾಯದೆ, 1884ರ ಒಕ್ಕಲಿಗರ ಸಾಲದ ಕಾಯದೆ ಎಂಬ ಎರಡು ಕಾಯದೆಗಳಿಂದ ಅದಕ್ಕೊಂದು ಗೊತ್ತಾದ ರೂಪವು ಬಂದಿತು. ಮೊದಲನೆಯದರಿಂದ ಬಾವಿ, ಕೆರೆ, ನೀರಿನ ಕಾಲುವೆ ಮೊದಲಾದವುಗಳಿಗೆ ಸಾಲ. ಎರಡನೆಯದರಿಂದ ಸಂಕಟದ ಪರಿಹಾರಕ್ಕೆ, ಬೀಜಕ್ಕೆ, ದನಗಳಿಗೆ, ಹಾಗೂ ಒಕ್ಕಲುತನಕ್ಕೆ ಸಂಬಂಧಿಸಿದ ಬೇರೆ ಕಾರಣಗಳಿಗೆ ಸಾಲ. ಒಕ್ಕಲಿಗನ ಎತ್ತಿಗೆ ಹೆಸರು ಹಿಡಿದು ಸಾಲವುಂಟು. ಒಕ್ಕಲಿಗನ ಮನೆಯ ಹೆಸರು ಆ ಮೂಲ ಪಟ್ಟಿಯಲ್ಲಿಲ್ಲ. ಹೊಲವಿಲ್ಲದ ಕೂಲಿಕಾರನಂತೂ ಈ ಎರಡೂ ಕಾಯದೆಗಳ ದೃಷ್ಟಿಗೆ ಬೀಳದವನು. ಮನೆಯು ಸಂಪತ್ತನ್ನು ಹುಟ್ಟಿಸುವದಿಲ್ಲ, ಆದದ್ದರಿಂದ ಅದಕ್ಕೆ ಸಾಲವೇಕೆ ಎಂಬದು ಆಗಿನ ಅರ್ಥಶಾಸ್ತ್ರದ ನ್ಯಾಯ. ಮಾಳಿಗೆ ಬಿದ್ದು ಎತ್ತು ಸತ್ತರೆ ಎತ್ತಿಗೆ ಸಾಲ ದೊರೆತೀತು, ಮಾಳಿಗೆಗೆ ದೊರೆಯದು.

ಸಹಕಾರಿ ಸಂಘಗಳು ಬಂದಾಗ ಬೇರೊಂದು ದಾರಿ ತೋರಿತ್ತು. 1904ರ ಕಾಯದೆಯ ಮರುವರ್ಷವೇ ಗದುಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಪತ್ತಿನ ಸಂಘವು ಹುಟ್ಟಿತು. ಇಂಥ ಊರಸಂಘಗಳಲ್ಲಿ ಸಾಲಕ್ಕೆ ಆಧಾರವು ಕಾಗದಕ್ಕಿಂತ ಹೆಚ್ಚಾಗಿ ಜಾಮೀನಾಗಿ ನಿಂತ ಊರವರ ಮಾತು. ಕೌಟಿಲ್ಯನ ಸಾಮಂತರು ಸಾವಿರಾರು ವರ್ಷಗಳ ಮೇಲೆ ಸಂಘದ ಸದಸ್ಯರಾಗಿ ಮತ್ತೆ ಬಂದಂತಾಯಿತು. ಆದರೆ ಸಂಘದ ಸಾಲವು ಬಿತ್ತನೆಗೂ ಎತ್ತಿಗೂ ಸರಿಹೋಗುವಷ್ಟು ಚಿಕ್ಕದು, ಸುಗ್ಗಿಗೆ ತೀರಿಸತಕ್ಕದ್ದು. ಹತ್ತಿಪ್ಪತ್ತು ವರ್ಷಗಳ ವಾಯಿದೆಯ ಮನೆಸಾಲವು ಆ ನೊಗಕ್ಕೆ ಹೊಂದುವಂಥದಲ್ಲ.

ಸ್ವಾತಂತ್ರ್ಯದ ತರುವಾಯ ಎರಡು ಬದಲಾವಣೆಗಳು ಬೇಗಬೇಗನೆ ಆದವು. 1950ರ ಮುಂಬಯಿ ಕಾಯದೆಯಿಂದ ಪರಗಣೆಯ ಹಾಗೂ ಕುಲಕರ್ಣಿಕೆಯ ವತನಗಳು ರದ್ದಾದವು. ತಲೆತಲಾಂತರದಿಂದ ಮನೆತನದ ಪೆಟ್ಟಿಗೆಯಲ್ಲಿದ್ದ ಊರ ದಪ್ತರವು ಪಗಾರದ ತಲಾಠಿಯ ಕೈಗೆ ಬಂದಿತು. 1956ರ ನವೆಂಬರ 1ರಂದು ವಿಜಾಪುರ ಜಿಲ್ಹೆಯು ಮುಂಬಯಿಯನ್ನು ಬಿಟ್ಟು ವಿಶಾಲ ಮೈಸೂರನ್ನು ಸೇರಿತು. ಮರುವರ್ಷವೇ, 1957ರಲ್ಲಿ, ಹಳ್ಳಿಯ ಮನೆಗಳಿಗಾಗಿಯೇ ಸಾಲ ಕೊಡುವ ಗ್ರಾಮ ಗೃಹನಿರ್ಮಾಣ ಯೋಜನೆಯನ್ನು ಕೇಂದ್ರಸರಕಾರವು ಆರಂಭಿಸಿತು. ಮನೆಯ ಹೆಸರು ಸಾಲದ ಪಟ್ಟಿಯಲ್ಲಿ ಸ್ಪಷ್ಟವಾಗಿ ಬಂದದ್ದು ಆಗ. ಆದರೆ ಆ ಯೋಜನೆಯಲ್ಲಿ ಮೊದಲು ಆರಿಸಲ್ಪಡುತ್ತಿದ್ದದ್ದು ಊರು. ಊರಿನ ಮೋಜಣಿಯಾಗಿ, ನಕಾಶೆ ಸಿದ್ಧವಾಗಿ, ಆಮೇಲೆ ಮನೆ. ಆಯ್ದ ಊರಿನಲ್ಲಿ ಇಲ್ಲದವನ ಮನೆಯು ಎಷ್ಟು ಕುಸಿದಿದ್ದರೂ ಅರ್ಜಿಗೆ ಅವಕಾಶವಿಲ್ಲ. ಗೆರೆಯು ಇಲ್ಲಿಯೂ ಮನೆಗಿಂತ ಮುಂದೆಯೇ ನಡೆಯಿತು.

1970ರ ದಶಕದಲ್ಲಿ ದೇವರಾಜ ಅರಸರ ಆಡಳಿತವು ನೆಲದ ಕಡೆಗೇ ಕೈಹಾಕಿತು. 1974ರ ಮಾರ್ಚ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯ ಕೀರ್ತಿಯೆಲ್ಲ ‘ಉಳುವವನೇ ಒಡೆಯ’ನೆಂಬ ತತ್ತ್ವಕ್ಕೆ ಸಲ್ಲುವದು, ಆದರೆ ಅದೇ ಕಾಯದೆಯ 38ನೆಯ ಕಲಮು ಅನ್ಯರ ನೆಲದಲ್ಲಿ ಗುಡಿಸಲು ಕಟ್ಟಿಕೊಂಡ ಕೃಷಿಕಾರ್ಮಿಕನಿಗೆ ಆ ಮನೆಯ ನೆಲವನ್ನು ಕೊಡುವ ಮಾತನ್ನಾಡಿತೆಂಬದು ಅಷ್ಟಾಗಿ ಪ್ರಸಿದ್ಧವಲ್ಲ. ನೆಲವಿಲ್ಲದೆ ಮನೆಯ ಮಾತೆತ್ತುವದು ವ್ಯರ್ಥವೆಂಬ ತಿಳಿವಳಿಕೆಯು ಶಾಸನದಲ್ಲಿ ಕಂಡದ್ದು ಇಲ್ಲಿಯೇ. ನಿವೇಶನವಿಲ್ಲದವರಿಗೆ ನಿವೇಶನ, ಜನತಾ ಮನೆ, 1985ರಿಂದ ಇಂದಿರಾ ಆವಾಸ, 1991-92ರಿಂದ ಆಶ್ರಯ ಯೋಜನೆ, 2000ದಲ್ಲಿ ಇವೆಲ್ಲವನ್ನೂ ನೋಡಿಕೊಳ್ಳಲು ರಾಜೀವ ಗಾಂಧಿ ಗ್ರಾಮೀಣ ವಸತಿ ನಿಗಮ, 2010-11ರಿಂದ ಬಸವ ವಸತಿ ಯೋಜನೆ: ಹೀಗೆ ಹೆಸರುಗಳ ಮಾಲೆಯು ಬೆಳೆಯಿತು. ಇವುಗಳ ಏರಿಳಿತವೇ ಬೇರೊಂದು ಲೇಖನದ ವಿಷಯವಾದೀತು.

ಇವುಗಳಲ್ಲಿ ಬಹಳಷ್ಟು ಸಹಾಯಧನಗಳು, ಸಾಲಗಳಲ್ಲ. ಅನುದಾನಕ್ಕೆ ಯೋಗ್ಯನಾಗದಷ್ಟು ಮೇಲಿನವನು, ಬ್ಯಾಂಕಿನ ಬಾಗಿಲನ್ನು ತಾನಾಗಿ ಏರಲಾರದಷ್ಟು ಕೆಳಗಿನವನು ಒಬ್ಬನಿರುವನು. ನಾಲ್ಕೈದು ಎಕರೆ ಒಣಬೇಸಾಯದ ರೈತ, ಚಿಕ್ಕ ಅಂಗಡಿಕಾರ, ಬಡಿಗ, ಕಂಬಾರ, ನೇಕಾರ ಇವರೇ ಅವರು. ಇಂಥವರಿಗಾಗಿ 1999ರ ಏಪ್ರಿಲ 1ರಿಂದ ಸಾಲವನ್ನೂ ಸಹಾಯಧನವನ್ನೂ ಕೂಡಿಸಿದ ಯೋಜನೆಯೊಂದು ಬಂದಿತು. ವರ್ಷದ ಉತ್ಪನ್ನವು 32,000 ರೂಪಾಯಿಗಳನ್ನು ಮೀರದ ಕುಟುಂಬಕ್ಕೆ 10,000 ರೂಪಾಯಿ ಸಹಾಯಧನ, 40,000 ರೂಪಾಯಿಗಳ ವರೆಗೆ ಬ್ಯಾಂಕಿನ ಸಾಲ. ಯೋಜನೆಯ ಕಲ್ಪನೆಯು ಯೋಗ್ಯವಾದದ್ದೇ. ಅದು ಹೆಚ್ಚು ವರ್ಷ ಬಾಳಲಿಲ್ಲ. ಬ್ಯಾಂಕಿಗೆ ಬೇಕಾದ ಒತ್ತೆಯು ಹಳ್ಳಿಯ ಮನೆಯಲ್ಲಿ ಸುಲಭವಾಗಿ ದೊರೆಯುವಂಥದಲ್ಲ.

ಈ ಒತ್ತೆಯ ವಿಚಾರವನ್ನು ಸ್ವಲ್ಪ ಬಿಡಿಸಿ ಹೇಳತಕ್ಕದ್ದು. ಮನೆಸಾಲಕ್ಕೆ ಬ್ಯಾಂಕುಗಳು ಬಹುತರವಾಗಿ ಹಕ್ಕುಪತ್ರಗಳನ್ನು ಇಟ್ಟುಕೊಂಡು ಮಾಡುವ ಅಡವನ್ನು ಮೆಚ್ಚುತ್ತವೆ. 1882ರ ಸ್ವತ್ತು ವರ್ಗಾವಣೆಯ ಕಾಯದೆಯಲ್ಲಿ ಅದಕ್ಕೆ ಅವಕಾಶವಿದೆ. ಆದರೆ ಆ ಪತ್ರಗಳನ್ನು ಒಪ್ಪಿಸುವ ಸ್ಥಳವು ಸರಕಾರವು ಪ್ರಕಟಿಸಿದ ಪಟ್ಟಣವಾಗಿರಬೇಕು. ಮನೆಯು ಎಲ್ಲಿದ್ದರೂ ಸರಿಯೇ, ಕಾಗದವು ಪಟ್ಟಣಕ್ಕೆ ಹೋಗತಕ್ಕದ್ದು. ಹಳ್ಳಿಯವನ ಹತ್ತಿರ ಪಟ್ಟಣಕ್ಕೊಯ್ಯುವ ಕಾಗದವಾದರೂ ಯಾವದು? ಅಜ್ಜನ ಹೆಸರಿನಲ್ಲಿರುವ ಕರದ ಪಾವತಿ. ವಾಟ್ನಿಯಾದರೂ ಬಾಯಿಮಾತಿನ ವಾಟ್ನಿ. ಹೊಲದಲ್ಲಿ ಮನೆ ಕಟ್ಟಿಕೊಂಡವನ ಗತಿ ಇನ್ನೂ ಕಷ್ಟ. 1964ರ ಕರ್ನಾಟಕ ಭೂಕಂದಾಯ ಕಾಯದೆಯ 95ನೆಯ ಕಲಮಿನಂತೆ ಬೇಸಾಯದ ನೆಲವು ಬಿನ್‌ಶೇತ್ಕಿಯಾಗದ ಹೊರತು ಅದರ ಮೇಲಿನ ವಾಸದ ಮನೆಗೆ ಕಾಯದೆಯ ಮಾನ್ಯತೆಯಿಲ್ಲ. ಮೇಲಾಗಿ 2002ರಲ್ಲಿ ಬ್ಯಾಂಕುಗಳು ಕೋರ್ಟಿಗೆ ಹೋಗದೆ ಒತ್ತೆಯನ್ನು ವಶಪಡಿಸಿಕೊಳ್ಳಲು ಅಧಿಕಾರವಿತ್ತ ಕಾಯದೆಯು ಬೇಸಾಯದ ನೆಲವನ್ನು ಆ ಅಧಿಕಾರದಿಂದ ಹೊರಗಿಟ್ಟಿತು. ರೈತನ ರಕ್ಷಣೆಗೆಂದು ಇಟ್ಟ ಈ ಮಿತಿಯು ಯೋಗ್ಯವಾದದ್ದೆಂಬದರಲ್ಲಿ ಸಂಶಯವಿಲ್ಲ. ಆದರೆ ವಶಪಡಿಸಿಕೊಳ್ಳಲಾಗದ ನೆಲದ ಮೇಲೆ ಮನೆಸಾಲವನ್ನು ಕೊಡಲು ಬ್ಯಾಂಕಿನ ಕೈ ಹಿಂಜರಿಯುವದೂ ಸಹಜವೇ. 2013ರ ಸುಮಾರಿನಿಂದ ಇ-ಸ್ವತ್ತು ಎಂಬ ವ್ಯವಸ್ಥೆಯಲ್ಲಿ ಗ್ರಾಮಪಂಚಾಯತಿಯು ಕೊಡತೊಡಗಿದ ನಮೂನೆ 9, ನಮೂನೆ 11 ಎಂಬ ಪತ್ರಗಳು ಈ ಕೊರತೆಯನ್ನು ತುಂಬಲು ಬಂದವು. ಗಾವಠಾಣದೊಳಗಿನ ಮನೆಗೂ ವಿಧಿಪೂರ್ವಕವಾಗಿ ಪರಿವರ್ತಿತವಾದ ನೆಲದ ಮನೆಗೂ ಒಂದು ಬಗೆಯ ಪತ್ರ. ಉಳಿದವುಗಳಿಗೆ ‘11ಬ’ ಎಂಬ ಬೇರೆ ಪತ್ರ. ನೂರು ವರ್ಷಗಳ ಹಿಂದಿನ ಗೆರೆಯು ಒಂದು ಅಕ್ಷರದ ರೂಪದಲ್ಲಿ ಮತ್ತೆ ಕಾಣಿಸಿಕೊಂಡಿತು.

ಇನ್ನು ಊರು ಯಾವದು, ಪಟ್ಟಣ ಯಾವದು ಎಂಬ ಇನ್ನೊಂದು ಗೆರೆ. 2017ರ ಜನವರಿಯಲ್ಲಿ ಕೇಂದ್ರ ಮಂತ್ರಿಮಂಡಲವು ಹಳ್ಳಿಯ ಮನೆಸಾಲಕ್ಕೆ ಬಡ್ಡಿಯ ಸಹಾಯವನ್ನು ಒಪ್ಪಿತು: ಅನುದಾನ ದೊರೆಯದ ಕುಟುಂಬಗಳಿಗೆ 2 ಲಕ್ಷ ರೂಪಾಯಿಗಳ ವರೆಗಿನ ಸಾಲದ ಮೇಲೆ ಶೇಕಡಾ 3ರಂತೆ. ಪಟ್ಟಣಗಳಿಗೆ 2015ರಿಂದಲೇ ಬೇರೆ ಯೋಜನೆಯಿದ್ದಿತು. ಅದರಲ್ಲಿ ಕಡಿಮೆ ಉತ್ಪನ್ನದವರಿಗೆ 6 ಲಕ್ಷ ರೂಪಾಯಿಗಳ ವರೆಗೆ ಶೇಕಡಾ ಆರೂವರೆಯ ಸಹಾಯ. ಅದು 2022ರ ಮಾರ್ಚದಲ್ಲಿ ಮುಗಿಯಿತು. ಪಟ್ಟಣವೆಂದು ಶಾಸನರೀತ್ಯಾ ಪ್ರಕಟವಾದ ಸ್ಥಳವು ಒಂದು ಯೋಜನೆಗೆ, ಉಳಿದದ್ದು ಇನ್ನೊಂದಕ್ಕೆ. ಸಿಂದಗಿಯು ಪುರಸಭೆಯ ಊರಾದದ್ದರಿಂದ ಪಟ್ಟಣ. ಮಡಿವಾಳ ಮಾಚಯ್ಯನ ಹುಟ್ಟೂರೆಂದು ಹೆಸರಾದ ದೇವರ ಹಿಪ್ಪರಗಿಯೂ, ಆಲಮೇಲವೂ ಹಿಂದೆ ಸಿಂದಗಿ ತಾಲೂಕಿನ ದೊಡ್ಡ ಹಳ್ಳಿಗಳಾಗಿದ್ದು ಈಗ ಪಟ್ಟಣ ಪಂಚಾಯತಿಗಳಾಗಿವೆ, ತಾಲೂಕುಗಳೂ ಆಗಿವೆ. ಊರ ಹೊರಗಿನ ಜೋಳದ ಹೊಲ ಅದೇ, ಮಾಳಿಗೆಯ ಮಣ್ಣು ಅದೇ, ದನಗಳೂ ಅವೇ. ಫಲಕವು ಬದಲಾದ ದಿನ ಮನೆಯು ಹಳ್ಳಿಯ ಪಟ್ಟಿಯಿಂದ ಕಳಚಿಕೊಂಡು ಪಟ್ಟಣದ ಪಟ್ಟಿಯ ಬಾಗಿಲಲ್ಲಿ ನಿಲ್ಲಬೇಕಾಯಿತು. ಈ ತೊಡಕು ನಮ್ಮ ದೇಶದ್ದಷ್ಟೇ ಅಲ್ಲ. ಅಮೇರಿಕೆಯಲ್ಲಿ 1949ರ ಗೃಹನಿರ್ಮಾಣದ ಕಾಯದೆಯು ಮೊದಲು ಹೊಲದ ಒಡೆಯರ ಮನೆಗಳಿಗೆ ಮಾತ್ರ ಸರಕಾರದ ಸಾಲವನ್ನಿತ್ತಿತು. 1961ರಲ್ಲಿ ಅದನ್ನು ಬೇಸಾಯಗಾರರಲ್ಲದ ಹಳ್ಳಿಗರಿಗೂ ವಿಸ್ತರಿಸಿದಾಗ ‘ಹಳ್ಳಿ’ಯೆಂದರೇನೆಂಬ ಪ್ರಶ್ನೆಯು ಎದ್ದು, ಜನಸಂಖ್ಯೆಯ ಅಂಕಿಯಿಂದ ಅದಕ್ಕೆ ಉತ್ತರ ಕೊಡಬೇಕಾಯಿತು. ಅಲ್ಲಿಯೂ ಮನೆಯನ್ನು ಕೊಳ್ಳಬಯಸುವವನು ಸರಕಾರದ ನಕಾಶೆಯಲ್ಲಿ ಆ ಮನೆಯ ನೆಲವು ಯೋಗ್ಯ ಪ್ರದೇಶದಲ್ಲಿದೆಯೋ ಇಲ್ಲವೋ ಎಂದು ಮೊದಲು ನೋಡಿಕೊಳ್ಳತಕ್ಕದ್ದು.

ಮನೆಯನ್ನೇ ನೋಡಿ ಯೋಗ್ಯತೆಯನ್ನು ನಿಶ್ಚಯಿಸುವ ಪ್ರಯತ್ನವು ನಡೆದೇ ಇಲ್ಲವೆಂದಲ್ಲ. 2016ರ ನವೆಂಬರದಲ್ಲಿ ಆಗ್ರಾದಲ್ಲಿ ಆರಂಭವಾದ ಪ್ರಧಾನಮಂತ್ರಿ ಗ್ರಾಮೀಣ ಆವಾಸ ಯೋಜನೆಯು 2011ರ ಸಾಮಾಜಿಕ-ಆರ್ಥಿಕ ಗಣತಿಯನ್ನು ಆಧಾರವಾಗಿಟ್ಟುಕೊಂಡಿತು. ಮನೆಯೇ ಇಲ್ಲದವರು, ಕಚ್ಚಾ ಗೋಡೆ ಕಚ್ಚಾ ಮಾಡಿನ ಎರಡು ಕೋಣೆಗಳ ವರೆಗಿನ ಮನೆಯವರು ಯೋಗ್ಯರು. ಬಯಲುಸೀಮೆಯಲ್ಲಿ 1 ಲಕ್ಷ 20 ಸಾವಿರ ರೂಪಾಯಿ ಅನುದಾನ, ಬೇಕಾದವರಿಗೆ 70,000 ರೂಪಾಯಿಗಳ ವರೆಗೆ ಸಾಲದ ಅನುಕೂಲ, ಮನೆಯು 25 ಚದರ ಮೀಟರಿಗೆ ಕಡಿಮೆಯಾಗಕೂಡದು. ಗಣತಿಯ ಪತ್ರಕದಲ್ಲಿ ಗಾರೆ ಹಾಕಿದ ಕಲ್ಲಿನ ಗೋಡೆ ಬೇರೆ, ಗಾರೆಯಿಲ್ಲದ ಕಲ್ಲಿನ ಗೋಡೆ ಬೇರೆ. ಸಿಂದಗಿಯ ಗೋಡೆಯು ಹೊರಗಿನಿಂದ ಸುಣ್ಣ ಬಳಿದುಕೊಂಡು ನಿಂತಿರುವದು. ಒಳಗೆ ಗಾರೆಯಿದೆಯೋ ಮಣ್ಣಿದೆಯೋ ಎಂಬದು ಅದು ಬೀಳುವ ದಿನವೇ ತಿಳಿಯತಕ್ಕದ್ದು. ಇನ್ನು ಅಯೋಗ್ಯತೆಯ ಲಕ್ಷಣಗಳು ಹದಿಮೂರು ಇದ್ದವು. ಇಬ್ಬರು ಹತ್ತುವ ಮೋಟಾರು ಸೈಕಲ್ಲು ಅವುಗಳಲ್ಲೊಂದು, ತಂಪಿನ ಪೆಟ್ಟಿಗೆಯು ಇನ್ನೊಂದು. ತಾಲೂಕಿನ ಊರಿಗೆ ಕೂಲಿಗೆ ಹೋಗಲೆಂದು ಹಳೆಯ ಮೋಟಾರು ಸೈಕಲ್ಲನ್ನು ಕೊಂಡವನ ಮಾಳಿಗೆಯು ಅದರಿಂದ ಸೋರುವದನ್ನು ನಿಲ್ಲಿಸುವದಿಲ್ಲವಷ್ಟೆ. 2024ರಲ್ಲಿ ಯೋಜನೆಯನ್ನು ಮುಂದುವರಿಸಿದಾಗ ಇವೆರಡನ್ನೂ ಪಟ್ಟಿಯಿಂದ ತೆಗೆದುಹಾಕಿ, ತಿಂಗಳ ಉತ್ಪನ್ನದ ಮಿತಿಯನ್ನು 10,000ದಿಂದ 15,000 ರೂಪಾಯಿಗೆ ಏರಿಸಿದ್ದು ಸಮಂಜಸವಾಯಿತು.

ಗೆರೆಯನ್ನು ಮನುಷ್ಯರು ಎಳೆದರೂ ಮಳೆಯೂ ಹೊಳೆಯೂ ಅದನ್ನು ಮನ್ನಿಸುವದಿಲ್ಲ. 2009ರ ಸಪ್ಟಂಬರದ ಕೊನೆ, ಅಕ್ಟೋಬರದ ಮೊದಲ ದಿನಗಳಲ್ಲಿ ಉತ್ತರ ಕರ್ನಾಟಕದಲ್ಲೆಲ್ಲ ಬಿಡದೆ ಸುರಿದ ಮಳೆಗೆ ಮಣ್ಣಿನ ಮಾಳಿಗೆಗಳು ಸಾಲುಸಾಲಾಗಿ ನೆಲಕ್ಕೆ ಬಂದವು. ಹೊಳೆಯ ದಂಡೆಯ ಊರುಗಳು ನೀರಿನಲ್ಲಿ ನಿಂತವು. ಸರಕಾರವು ‘ಆಸರೆ’ ಎಂಬ ಯೋಜನೆಯಿಂದ, ದಾನಿಗಳ ನೆರವನ್ನೂ ಪಡೆದು, ಎತ್ತರದ ನೆಲವನ್ನು ಕೊಂಡು ಹೊಸ ಊರುಗಳನ್ನು ಕಟ್ಟಿಸಿತು. ಸಾಲುಮನೆಗಳು ಎದ್ದವು, ಆದರೆ ದನ ಕಟ್ಟುವ ಸ್ಥಳವಿಲ್ಲದ, ಕಾಳಿನ ಚೀಲ ಇಡಲು ಎಡೆಯಿಲ್ಲದ, ಹೊಲಕ್ಕೆ ದೂರವಾದ ಮನೆಯು ಒಕ್ಕಲಿಗನಿಗೆ ಒಗ್ಗುವದು ಕಠಿಣ. ಕೆಲವು ಕಡೆಗಳಲ್ಲಿ ಹಳೆಯ ಊರಿಗೂ ಹೊಸ ಊರಿಗೂ ನಡುವೆ ಜನರು ಇಬ್ಬಗೆಯಾದರು. 2020ರ ಅಕ್ಟೋಬರದಲ್ಲಿ ಭೀಮೆಯು ಮತ್ತೆ ಉಕ್ಕಿದಾಗ ದೇವಣಗಾಂವ, ತಾರಾಪುರ ಮೊದಲಾದ ತೀರದ ಊರುಗಳವರು ಮತ್ತೆ ಮನೆಯನ್ನು ಬಿಟ್ಟು ಎತ್ತರಕ್ಕೆ ಓಡಬೇಕಾಯಿತು. ಪ್ರವಾಹದ ರೇಖೆಯೊಳಗಿನ ಗಾವಠಾಣದಲ್ಲಿ ಇರುವವನ ಕಾಗದವು ಶುದ್ಧ, ಮನೆಯು ಅಸುರಕ್ಷಿತ; ಎತ್ತರದ ಹೊಲದಲ್ಲಿ ಕಟ್ಟಿಕೊಂಡವನ ಮನೆಯು ಸುರಕ್ಷಿತ, ಕಾಗದವು ಅಶುದ್ಧ. ಸಾಲವನ್ನು ಯಾರಿಗೆ ಕೊಡುವದು ಬುದ್ಧಿವಂತಿಕೆಯೆಂದು ಯಾವ ರೈತನನ್ನು ಕೇಳಿದರೂ ಹೇಳಿಯಾನು. ನಿಯಮವು ಮಾತ್ರ ಅದಕ್ಕೆ ವಿರುದ್ಧವಾಗಿ ನಡೆಯುವದು.

ಎಲ್ಲರಿಗಿಂತ ಹೆಚ್ಚಾಗಿ ಈ ಗೆರೆಯ ಹೊರಗೆ ಉಳಿದವರು ಲಂಬಾಣಿ ತಾಂಡಾಗಳ ಜನರು. ವಿಜಯಪುರ ಜಿಲ್ಹೆಯಲ್ಲಿ ತಾಂಡಾಗಳು ಬಹಳ. ಸರ್ವೇಯ ನಕಾಶೆಯಲ್ಲಿ ತಾಂಡಾ ಎಂಬದೊಂದು ಊರಲ್ಲ. ಯಾರದೋ ಸರ್ವೇ ನಂಬರಿನಲ್ಲಿ, ಇಲ್ಲವೆ ಸರಕಾರದ ಪಡದಲ್ಲಿ, ಮೂರು ನಾಲ್ಕು ತಲೆಮಾರುಗಳಿಂದ ನಿಂತ ಮನೆಗಳ ಗುಂಪು. ಓಟಿನ ಯಾದಿಯಲ್ಲಿ ಹೆಸರುಂಟು, ರೇಶನ್ ಕಾರ್ಡುಂಟು, ಶಾಲೆಯೂ ಇರಬಹುದು. ಮನೆಯ ಕೆಳಗಿನ ನೆಲಕ್ಕೆ ಮಾತ್ರ ಒಡೆತನವಿಲ್ಲ. ಸುಗ್ಗಿ ಮುಗಿದೊಡನೆ ಕೆಲಸಕ್ಕಾಗಿ ಗುಳೆ ಹೋಗಿ, ದುಡಿದು ತಂದ ಹಣದಿಂದ ಸಿಮೆಂಟಿನ ಮನೆಯನ್ನು ಕಟ್ಟಿಕೊಂಡವರು ಅಲ್ಲಿ ಇದ್ದಾರೆ. ಆ ಪಕ್ಕಾ ಮನೆಯ ಮೇಲೆ ಯಾವ ಬ್ಯಾಂಕೂ ಒಂದು ರೂಪಾಯಿಯನ್ನೂ ಕೊಡದು. ಊರೊಳಗಿನ ಹಾಳುಗೋಡೆಯ ಮೇಲೆ ಕೊಟ್ಟೀತು. 2016ರ ತಿದ್ದುಪಡಿಯಿಂದ ಭೂಸುಧಾರಣೆಯ ಕಾಯದೆಗೆ 38ಎ ಎಂಬ ಹೊಸ ಕಲಮು ಸೇರಿ, ದಾಖಲೆಯಿಲ್ಲದ ಇಂಥ ವಸತಿಗಳಲ್ಲಿಯ ನಿವಾಸಿಗಳನ್ನು ಮನೆಯ ಒಡೆಯರೆಂದು ನೋಂದಿಸುವ ದಾರಿಯು ತೆರೆಯಿತು. ಕಲಬುರ್ಗಿ, ಯಾದಗಿರಿ, ರಾಯಚೂರು, ಬೀದರ, ವಿಜಯಪುರ ಈ ಐದು ಜಿಲ್ಹೆಗಳಲ್ಲಿ ಸುಮಾರು 1,475 ವಸತಿಗಳನ್ನು ಕಂದಾಯ ಗ್ರಾಮಗಳೆಂದು ಸಾರಲಾಯಿತು. 2023ರ ಜನವರಿ 19ರಂದು ಮಳಖೇಡದಲ್ಲಿ ಪ್ರಧಾನಮಂತ್ರಿಗಳಿಂದ 50,000ಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರಗಳ ವಿತರಣೆಯಾಯಿತು. ರಾಷ್ಟ್ರಕೂಟರ ಮಾನ್ಯಖೇಟವೇ ಈ ಮಳಖೇಡ. ಅಲ್ಲಿಂದ ಹೊರಟ ತಾಮ್ರಶಾಸನಗಳು ಊರುಗಳನ್ನು ದಾನ ಕೊಟ್ಟವು. ಈ ಸಾರೆ ಹೊರಟ ಪತ್ರಗಳು ಅಲ್ಲಿಯೇ ಇದ್ದವರಿಗೆ ಅವರವರ ಮನೆಯನ್ನೇ ಕೊಟ್ಟವು.

ಹಕ್ಕುಪತ್ರವು ಬಂದೊಡನೆ ಸಾಲವು ಬರುವದೆಂದಲ್ಲ. ಉತಾರದಲ್ಲಿ ಹೆಸರು ಏರಬೇಕು, ಅಳತೆಯು ಹೊಂದಬೇಕು, ಪಂಚಾಯತಿಯ ನಮೂನೆಯು ಹುಟ್ಟಬೇಕು. ಗಾವಠಾಣದ ಒಳಗಿನ ಮನೆಗಳನ್ನು ಒಂದೊಂದಾಗಿ ಅಳೆಯುವ, ಹಳ್ಳಿಗಳಲ್ಲಿ ಮುಂಬಯಿ ಸರ್ವೇಯವರು ಮಾಡದೆ ಬಿಟ್ಟ, ಆ ಕೆಲಸವು 2020ರ ಏಪ್ರಿಲ 24ರಂದು ಸಾರಲಾದ ಸ್ವಾಮಿತ್ವ ಯೋಜನೆಯಿಂದ ಈಗ ನಡೆದಿದೆ. ಮೊದಲ ಹಂತಕ್ಕೆ ಆಯ್ದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಡ್ರೋನು ಹಾರುವ ಮುಂಚೆ ಪ್ರತಿಯೊಂದು ಮನೆಯ ಎಲ್ಲೆಗುಂಟ ಸುಣ್ಣದ ಗೆರೆಯನ್ನು ಹಾಕುವರು. ಆ ಗೆರೆಯು ಎಲ್ಲಿ ಬೀಳಬೇಕೆಂಬದನ್ನು ಹೇಳತಕ್ಕವರು ಮನೆಯವರೂ ನೆರೆಯವರೂ. ತಕರಾರು ಬಂದಲ್ಲಿ ಓಣಿಯ ಹಿರಿಯರನ್ನು ಕರೆಯುವರು. ಹೀಗೆ ಸಾಮಂತರ ಸಾಕ್ಷ್ಯವು ಕೊನೆಗೂ ಕಾಗದವನ್ನು ಸೇರುತ್ತಲಿದೆ. ಸುಣ್ಣದ ಗೆರೆಯು ಓಣಿಯಿಂದ ಓಣಿಗೆ ಬಂದು ಗಾವಠಾಣದ ಅಂಚಿನಲ್ಲಿ ನಿಲ್ಲುವದು. ಅಲ್ಲಿಂದ ಮುಂದೆ ಹೊಲದಲ್ಲಿ ಕಟ್ಟಿಕೊಂಡ ಮನೆಗಳು, 11ಬದ ಮನೆಗಳು, ಕಂದಾಯ ಗ್ರಾಮವಾಗದೆ ಉಳಿದ ತಾಂಡಾದ ಮನೆಗಳು ಇವೆ. ಅವುಗಳವರು ಬಾಗಿಲಲ್ಲಿ ನಿಂತು ಡ್ರೋನನ್ನು ನೋಡುತ್ತಿರುವರು.